ಎರಡನೇ ಬೇಸಿನವರಿಗೆ ಸನ್ಮಾನ

ಆ ಶನಿವಾರ ಬೆಳಗಿನಿಂದ ಮಾಡಿದ ಕೆಲಸಗಳು ಇವು. ಹಾಲು ಕಾಯಿಸಿ ಹೆಪ್ಪು ಹಾಕಿದೆ. ಬಿಸಿಬೇಳೆಬಾತಿಗೆ ಬೇಳೆ ತೊಳೆದಿಟ್ಟು ಹುಣಸೆಹಣ್ಣು ನೆನೆಹಾಕಿದೆ. ರಾತ್ರಿ ನೀರು ಹೆಪ್ಪುಗಟ್ಟುತ್ತದೆಂದು ಟಿವಿಯಲ್ಲಿ ಹೇಳಿದ್ದರಿಂದ ಹಿತ್ತಲಿನ ನಲ್ಲಿಗೆ ಹಳೆಯ ಟವೆಲ್ ಸುತ್ತಿದೆ, ಕರಿಬೇವಿನ ಕುಂಡವನ್ನು ಎಳೆದು ಒಳಗೆ ತಂದೆ. ಮಹಡಿ ಮೇಲಿನ ರೂಮಿನ ಹಾಸಿಗೆಗೆ ಹೊಸ ಬೆಡ್‌ಶೀಟ್ ಹಾಕಿದೆ. ನಮ್ಮ ಮನೆಯವರು ಹಾಕು ಅಂದಿದ್ದರು. ಒಂದು ಶಾಲಿಗೆ ಇಸ್ತ್ರಿ ಮಾಡಿದೆ. ಸಂಡಿಗೆ ಕರಿದೆ. ಎಣ್ಣೆ ಆರಲು ಬಿಟ್ಟು ಒಲೆ ಒರೆಸಿದೆ.

ಆಗ ನಾವು ಡಾಲಸ್ಸಿನ ಉತ್ತರಕ್ಕಿರುವ ಅಲೆನ್‌ನಲ್ಲಿದ್ದೆವು. ನಮ್ಮ ಮನೆಯವರು ಸಾಫ್ಟ್‌ಬಾಲ್ ಆಡುತ್ತಿದ್ದರು. ಬೇಸ್‌ಬಾಲಿನ ತಮ್ಮ ಅನ್ನಬಹುದು. ಚೆಂಡು ದೊಡ್ಡದು, ವೇಗ ಕಡಿಮೆ, ಸೊಂಟನೋವು ಮಾತ್ರ ಎರಡರಲ್ಲೂ ಒಂದೇ. ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಕ್ರಿಕೆಟ್ ಆಡಿ ಬಂದ ಗಂಡಸರು ಇಲ್ಲಿ ಹತ್ತಿರದಲ್ಲಿ ಪಿಚ್ ಸಿಗದೆ ಇದಕ್ಕೆ ಇಳಿದಿದ್ದರು. ಮಂಗಳವಾರ ಸಂಜೆ ಊರಿನ ಪಾರ್ಕಿನಲ್ಲಿ ಆಟ. ಯುಗಾದಿಯ ಹೊತ್ತಿಗೆ ಡಾಲಸ್, ಹ್ಯೂಸ್ಟನ್, ಆಸ್ಟಿನ್ ಕನ್ನಡಿಗರ ನಡುವೆ ಪಂದ್ಯ. ಅದರಲ್ಲಿ ನಮ್ಮವರು ವರ್ಷಾವರ್ಷ ಹ್ಯೂಸ್ಟನ್ನಿನವರ ಕೈಯಲ್ಲಿ ಸೋತು ಬಂದು, ನಮ್ಮ ಮನೆಯಲ್ಲಿ ಊಟ ಮಾಡಿ, ಅಂಪೈರನ್ನು ಬೈದು ಹೋಗುತ್ತಿದ್ದರು.

ಈ ತಂಡ ಕಟ್ಟಿದವರು ಧಾರವಾಡದ ಕಡೆಯ ಒಬ್ಬ ಹಿರಿಯರು. ನಿವೃತ್ತ ಇಂಜಿನಿಯರ್, ಮೆಕಿನ್ನಿಯಲ್ಲಿ ಮನೆ. ಹೆಂಡತಿ ಹ್ಯೂಸ್ಟನ್ನಿನಲ್ಲಿ ಡಾಕ್ಟರು, ಬಿಡುವು ಸಿಕ್ಕ ವಾರಾಂತ್ಯಕ್ಕೆ ಬರುತ್ತಿದ್ದರು. ಹೀಗಾಗಿ ಎಲ್ಲರ ಬಾಯಲ್ಲಿ ಇವರು ‘ಡಾಕ್ಟರಮ್ಮನ ಯಜಮಾನ್ರು.’ ಎರಡನೇ ಬೇಸಿನಲ್ಲಿ, ಅಂದರೆ ಓಡುವವರು ಮುಟ್ಟಿ ಹೋಗುವ ಎರಡನೇ ಗುರುತಿನ ಹತ್ತಿರ, ನಿಲ್ಲುತ್ತಿದ್ದರು. ಚೆಂಡು ಬಿಡುತ್ತಿದ್ದರು, ನಿಜ. ಕೈಗೆ ಸಿಗದ್ದನ್ನು ಎದೆಗೆ ತಗಲಿಸಿಕೊಂಡಾದರೂ ತಡೆಯುತ್ತಿದ್ದರು. ಮೈದಾನ ಬುಕ್ ಮಾಡುವುದು, ನೀರಿನ ಕ್ಯಾನ್ ಹೊರುವುದು, ಹೊಸದಾಗಿ ಬಂದವರಿಗೆ ಡ್ರೈವಿಂಗ್ ಕಲಿಸುವುದು ಎಲ್ಲ ಅವರೇ. ಮಂಗಳವಾರ ಆಟ ಮುಗಿಸಿ ನಮ್ಮ ಮನೆಗೆ ಬಂದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, “ವೈನಿ, ಸಾರು ಘಮಾ ಅಂತದ ನೋಡ್ರಿ” ಎಂದು ಎರಡು ಸಲ ಬಡಿಸಿಕೊಳ್ಳುತ್ತಿದ್ದರು. ಹೆಂಡತಿ ಬರದ ವಾರಗಳಲ್ಲಿ ಅವರು ಇನ್ನೊಬ್ಬರ ಜೊತೆ ಕೂತು ಉಣ್ಣುತ್ತಿದ್ದದ್ದು ಅದೊಂದೇ ರಾತ್ರಿ. ಇದು ತಂಡದವರಿಗೆಲ್ಲ ಗೊತ್ತಿತ್ತು.

ಚಳಿಗಾಲ ಬಂತೆಂದರೆ ಬೇಸ್‌ಬಾಲ್ ನಿಲ್ಲುತ್ತದೆ, ಅದರ ಮಾತು ಶುರುವಾಗುತ್ತದೆ. ಕಾರಿನ ರೇಡಿಯೋದಲ್ಲಿ, ಟಿವಿಯಲ್ಲಿ, ನಮ್ಮ ಸೋಫಾದ ಮೇಲೆ. ಯಾರ ಒಪ್ಪಂದ ಮುಗಿಯಿತು, ಯಾರು ‘ಫ್ರೀ ಏಜೆಂಟ್’ ಆದ, ಅಂದರೆ ಯಾವ ತಂಡಕ್ಕೆ ಬೇಕಾದರೂ ಹೋಗಲು ಸ್ವತಂತ್ರನಾದ, ಯಾರ ಮೊಣಕಾಲಿಗೆ ಇನ್ನೆಷ್ಟು ವರ್ಷ ಬಾಳಿಕೆ. ಆ ವರ್ಷಗಳಲ್ಲಿ ಹ್ಯೂಸ್ಟನ್ನಿನ ವೃತ್ತಿಪರ ತಂಡ ಹಳಬರನ್ನೆಲ್ಲ ಬಿಟ್ಟು, ಸೋತರೂ ಸರಿ ಎಂದು ಎಳೆಯರನ್ನು ಬೆಳೆಸುತ್ತಿತ್ತು. ಅದು ನಮ್ಮವರ ತಲೆಗೆ ಹತ್ತಿತು. ನಮ್ಮ ತಂಡದ ಕ್ಯಾಪ್ಟನ್ ಪ್ಲೇನೋದ ಒಂದು ಆಫೀಸಿನಲ್ಲಿ ಮ್ಯಾನೇಜರ್, ನಲವತ್ತಾಗದವನು. ನಾನು ಕೊಟ್ಟ ಕೋಡುಬಳೆ ಮುರಿಯುತ್ತಾ, “ಅಕ್ಕ, ನಾವೂ ರೀಬಿಲ್ಡ್ ಮಾಡ್ಬೇಕು. ಸೆಂಟಿಮೆಂಟ್ ಇಟ್ಕೊಂಡ್ರೆ ಟೀಮ್ ಆಗಲ್ಲ” ಎನ್ನುತ್ತಿದ್ದ. ನಾನು ಕೋಡುಬಳೆಯ ಡಬ್ಬಿ ಮುಚ್ಚಿಟ್ಟೆ.

ಆ ಶನಿವಾರ ಸಂಜೆ ನಮ್ಮ ಮನೆಯಲ್ಲಿ ಹಿರಿಯರಿಗೆ ಸನ್ಮಾನವಿತ್ತು. ತಂಡ ಕಟ್ಟಿದವರಿಗೆ ಒಂದು ಶಾಲು ಹೊದಿಸುವುದು ಒಳ್ಳೆಯದೇ ಎಂದುಕೊಂಡು ತಂಡದವರ ಊಟವನ್ನೂ ಒಪ್ಪಿಕೊಂಡಿದ್ದೆ. ವ್ಯಾಕ್ಯೂಮ್ ಹೊಡೆಯುತ್ತಿದ್ದ ನಮ್ಮ ಮನೆಯವರನ್ನು ನಿಲ್ಲಿಸಿ ಕೇಳಿದೆ.

“ರೀ, ಮೇಲಿನ ರೂಮಿಗೆ ಯಾರು ಬರ್ತಾರೆ?”

“ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಿಂದ ಒಬ್ಬ ಹುಡ್ಗ. ಎಡಗೈ ಬ್ಯಾಟಿಂಗು. ಹೊಡೆದ್ರೆ ಚೆಂಡು ಬೇಲಿ ಆಚೆ.”

“ಎಷ್ಟು ದಿನಕ್ಕೆ?”

ವ್ಯಾಕ್ಯೂಮಿನ ವೈರನ್ನು ಬಿಡಿಸುತ್ತಾ ಹೇಳಿದರು. “ಅಪಾರ್ಟ್‌ಮೆಂಟ್ ಸಿಗೋವರೆಗೂ. ಕ್ಯಾಪ್ಟನ್ ತನ್ನ ಆಫೀಸಲ್ಲಿ ಕೆಲಸಕ್ಕೆ ರೆಫರ್ ಮಾಡ್ತಾನೆ. ನಮ್ಮ ಕಡೆಯಿಂದ ರೂಮು, ಸಂಜೆ ಊಟ. ಹ್ಯೂಸ್ಟನ್ನಿನವರೂ ಅವನ ಹಿಂದೆ ಬಿದ್ದಿದಾರೆ ಕಣೆ. ಏನಾದ್ರೂ ಆಫರ್ ಕೊಡ್ಬೇಕಲ್ವಾ?”

“ಅಂದ್ರೆ ನನ್ನ ಸಾರು ಅನ್ನ ನಿಮ್ಮ ಕಾಂಟ್ರ್ಯಾಕ್ಟಲ್ಲಿದೆ.”

“ಒಂದು ಲೋಟ ಅಕ್ಕಿ ಜಾಸ್ತಿ ಅಷ್ಟೇ.”

ಅಕ್ಕಿಯದು ನನಗೆ ದೊಡ್ಡದಾಗಿರಲಿಲ್ಲ. ನಮ್ಮ ಮನೆಗೆ ಯಾರು ಬಂದು ಉಂಡರೂ ನಾನು ಮುಖ ಗಂಟು ಹಾಕಿದವಳಲ್ಲ. ಆದರೆ ಪಟ್ಟಿಯಲ್ಲಿ ಇಷ್ಟೇ ಹೆಸರು ಎಂಬ ನಿಯಮ ಅವರ ಪಂದ್ಯಕ್ಕಿತ್ತು. ಒಬ್ಬ ಒಳಗೆ ಬಂದರೆ ಒಬ್ಬ ಹೊರಗೆ ಹೋಗಬೇಕು. ಕೈಯಲ್ಲಿದ್ದ ಇಸ್ತ್ರಿ ಮಾಡಿದ ಶಾಲನ್ನು ನೋಡಿದೆ. ಆಗ ಅರ್ಥವಾಯಿತು.

“ಈ ಸನ್ಮಾನ ಅವ್ರನ್ನ ತೆಗೆಯೋಕಾ?”

“ತೆಗೆಯೋದು ಅಂತ ಯಾಕಂತೀಯ? ಗೌರವ ಸಲಹೆಗಾರರು ಅಂತ ಮಾಡ್ತೀವಿ.”

“ಅವ್ರಿಗೆ ಗೊತ್ತಾ?”

“ಶಾಲು ಹೊದಿಸಿದ ಮೇಲೆ ತಾವೇ ಅರ್ಥ ಮಾಡ್ಕೋತಾರೆ ಬಿಡು. ದೊಡ್ಡವರು.”

ನನಗೆ ಬಂದದ್ದು ಸಿಟ್ಟಲ್ಲ, ಹೇಸಿಗೆ. ಫ್ರಿಜ್ಜಿನಲ್ಲಿ ಏನೋ ಹಳಸಿದಾಗ ಡಬ್ಬಿ ತೆಗೆದ ಕೂಡಲೇ ಬರುತ್ತದಲ್ಲ, ಅಂಥದ್ದು. ಟಿವಿಯ ತಂಡಗಳು ಕನಿಷ್ಠ ಆಟಗಾರನಿಗೆ ನೇರವಾಗಿ ಹೇಳಿ ಕಳಿಸುತ್ತವೆ. ನಮ್ಮವರು ಹೊರಗೆ ಹಾಕುವುದಕ್ಕೂ ಹಾರ ತರುತ್ತಾರೆ. ಸ್ಕೂಲಿನಲ್ಲಿ, ಬ್ಯಾಂಕಿನಲ್ಲಿ, ಸಂಘದಲ್ಲಿ ಎಲ್ಲ ಕಡೆ ನೋಡಿದ್ದೇನೆ. ಬೇಡವಾದವನ ತಲೆಗೊಂದು ಪೇಟ ಇಟ್ಟು ಫೋಟೋ ತೆಗೆದರೆ ಅವನು ಮತ್ತೆ ಬಾಯಿ ತೆಗೆಯುವ ಹಾಗಿಲ್ಲ.

“ಇವತ್ತು ನೀವೇ ಹೋಗಿ ಅವರನ್ನ ಕರ್ಕೊಂಡು ಬನ್ನಿ,” ಎಂದೆ. “ದಾರಿಯಲ್ಲಿ ನೇರವಾಗಿ ಹೇಳಿ. ಹೇಳದೆ ಇದ್ರೆ ನಾನು ಹೇಳ್ತೀನಿ.”

“ಹೇಳ್ತೀನಿ ಮಾರಾಯ್ತಿ,” ಎಂದು ಕಾರಿನ ಕೀ ತೆಗೆದುಕೊಂಡು ಹೋದರು.

ಅವರು ಬರುವಷ್ಟರಲ್ಲಿ ಕ್ಯಾಪ್ಟನ್ನೂ ತಂಡದವರೂ ಸೇರಿದ್ದರು. ಫ್ಲೂಗರ್‌ವಿಲ್ಲಿನ ಹುಡುಗನೂ ಬಂದಿದ್ದ. ಬೆಂಗಳೂರಿನವನು, ಉದ್ದನೆಯ ಕೈ, ಬೂಟು ಬಾಗಿಲಲ್ಲೇ ಬಿಚ್ಚಿ, “ಆಂಟಿ, ಏನಾದ್ರೂ ಹೆಲ್ಪ್ ಮಾಡ್ಲಾ?” ಎಂದು ತಟ್ಟೆ ಜೋಡಿಸಿದ. ಉಳಿದವರು ಅವನ ಸುತ್ತ ಹೆಣ್ಣು ನೋಡಲು ಬಂದವರ ಹಾಗೆ ಕೂತಿದ್ದರು. ಒಬ್ಬ ಅವನ ಭುಜ ಒತ್ತಿ ನೋಡಿದ. ಇನ್ನೊಬ್ಬ, “ಡಯಟ್ ಹೆಂಗೆ?” ಎಂದ. ಮತ್ತೊಬ್ಬ ಹಿರಿಯರ ಮೊಣಕಾಲಿನ ಬಗ್ಗೆ ಏನೋ ಹೇಳಿ ನಕ್ಕ. ಆ ನಗೆಗೆ ನನ್ನ ಕೈಯ ಸೌಟು ಪಾತ್ರೆಗೆ ಜೋರಾಗಿಯೇ ಬಡಿಯಿತು.

ಆಗ ಹಿರಿಯರು ಬಂದರು. ಮೇಲೊಂದು ಕೋಟು, ಕೈಯಲ್ಲಿ ಬಟ್ಟೆಯ ಚೀಲ. “ವೈನಿ, ನೋಡ್ರಿ,” ಎಂದು ಚೀಲದಿಂದ ಚರ್ಮದ ಹೊಸ ಗ್ಲವ್ ತೆಗೆದರು. “ಎಣ್ಣಿ ಹಚ್ಚಿ ಹಚ್ಚಿ ಮೆತ್ತಗ ಮಾಡೇನಿ. ಈ ಸರ್ತಿ ಒಂದೂ ಚೆಂಡು ಬಿಡಂಗಿಲ್ಲ.”

ನಾನು ನಮ್ಮ ಮನೆಯವರ ಕಡೆ ನೋಡಿದೆ. ಅವರು ಕರಿಬೇವಿನ ಕುಂಡ ನೋಡಿದರು. ಅಡುಗೆಮನೆಗೆ ಕರೆದು ಕೇಳಿದೆ. “ಹೇಳಿದ್ರಾ?”

“ರೇಡಿಯೋದಲ್ಲಿ ಕಾಂಟ್ರ್ಯಾಕ್ಟ್ ನ್ಯೂಸ್ ಬರ್ತಿತ್ತು. ಅದ್ರಲ್ಲೇ ಮನೆ ಬಂದ್ಬಿಡ್ತು.”

ಸೆರಗಿಗೆ ಕೈ ಒರೆಸಿಕೊಂಡು ನಾನೇ ಹೇಳೋಣವೆಂದು ಹೊರಗೆ ಬಂದೆ. ಅಷ್ಟರಲ್ಲಿ ಕ್ಯಾಪ್ಟನ್ ಅವರನ್ನು ಸೋಫಾದ ನಡುವೆ ಕೂರಿಸಿ, ಭುಜಕ್ಕೆ ಶಾಲು ಹೊದಿಸಿಬಿಟ್ಟಿದ್ದ. ತಲೆಗೆ ಮೈಸೂರು ಪೇಟ. ಕೊರಳಿಗೆ ಗಂಧದ ಚಕ್ಕೆಯ ಹಾರ. ಪೇಟ ಇಲ್ಲಿಯ ಕನ್ನಡ ಸಂಘದ್ದು; ಒಂದೇ ಪೇಟ ಎಲ್ಲ ಸನ್ಮಾನಗಳಿಗೂ ಹೋಗಿ ಬರುತ್ತದೆ, ಮುಗಿದ ಮೇಲೆ ಡಬ್ಬಿಗೆ ವಾಪಸ್. ಫೋಟೋ ತೆಗೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿರಿಯರ ಕಣ್ಣು ತುಂಬಿತ್ತು. ಮಡಿಲಲ್ಲಿ ಹಣ್ಣಿನ ಬುಟ್ಟಿ, ಅದರ ಮೇಲೆ ಗ್ಲವ್.

“ಇಷ್ಟೆಲ್ಲಾ ಯಾಕ್ರೆಪಾ,” ಎಂದರು. “ಆತು. ಪ್ರಾಕ್ಟೀಸ್ ಯಾವ ಮಂಗಳವಾರದಿಂದ? ಎಷ್ಟಕ್ಕ ಬರ್ಲಿ?”

ಕ್ಯಾಪ್ಟನ್ ಕೈ ಜೋಡಿಸಿ ನಕ್ಕ. “ಸರ್, ನೀವಿನ್ನು ಆಟಕ್ಕಿಂತ ಮೇಲೆ. ಮನೇಲಿ ಕೂತು ಆಶೀರ್ವಾದ ಮಾಡಿ ಸಾಕು. ನೀವೀಗ ಫ್ರೀ ಏಜೆಂಟು!”

ತನ್ನ ತಮಾಷೆಗೆ ತಾನೇ ನಕ್ಕ. ಒಂದಿಬ್ಬರು ಜೊತೆಗೂಡಿದರು. ಹಿರಿಯರು ಗ್ಲವ್‌ನ ಮೇಲೆ ಕೈಯಿಟ್ಟರು. ಹೆಬ್ಬೆರಳಿನಿಂದ ಅದರ ಹೊಲಿಗೆಯನ್ನು ಸವರುತ್ತಾ ಕೂತರು. ಮುಖ ಕೆಂಪಾಯಿತು, ಆಮೇಲೆ ಸರಿಹೋಯಿತು. “ಹಂಗೇನ್ರಿ,” ಎಂದರು, ಅಷ್ಟೇ.

ಆ ಬೆಂಗಳೂರಿನ ಹುಡುಗ ಗೋಡೆಗೊರಗಿ ನಿಂತಿದ್ದ. “ಅಂಕಲ್, ನೀವು ಸೆಕೆಂಡ್ ಬೇಸಾ?” ಎಂದು ಕೇಳಿದ.

“ಹೂಂನಪಾ.”

“ನಂಗೆ ಆ ಜಾಗ ಖಾಲಿ ಇದೆ ಅಂದಿದ್ರು. ನಿಮ್ಗೆ ಮೊಣಕಾಲು ಹೋಗಿದೆ, ನೀವೇ ಸಾಕು ಅಂದ್ರಿ ಅಂತ.”

“ಮೊಣಕಾಲು ಎಲ್ಲೂ ಹೋಗಿಲ್ಲಪ್ಪ, ಇಲ್ಲೇ ಅದ,” ಎಂದು ಹಿರಿಯರು ಕಾಲು ಚಾಚಿ ತೋರಿಸಿದರು.

ಕ್ಯಾಪ್ಟನ್ ಹುಡುಗನ ಹೆಗಲ ಮೇಲೆ ಕೈಹಾಕಿ, “ಅದೆಲ್ಲ ಆಮೇಲೆ. ನೀನು ಯಾವತ್ತು ಶಿಫ್ಟ್ ಆಗ್ತೀಯ ಹೇಳು,” ಎಂದ.

ಹುಡುಗ ಆ ಕೈಯನ್ನು ಮೆಲ್ಲಗೆ ಇಳಿಸಿದ. “ಅಣ್ಣ, ಎದುರಿಗೇ ಬಂದು ಊಟ ಆದ್ಮೇಲೆ ಹೇಳೋಣ ಅಂತಿದ್ದೆ. ಹ್ಯೂಸ್ಟನ್ ಟೀಮಿನ ಒಬ್ಬ ಅಣ್ಣನ ಕಂಪನಿಯಲ್ಲಿ ಸೇರಿದ ತಕ್ಷಣ ಗ್ರೀನ್ ಕಾರ್ಡ್ ಫೈಲ್ ಮಾಡ್ತಾರಂತೆ. ನಿಮ್ಮಲ್ಲಿ ಎರಡು ವರ್ಷ ಕಾಯ್ಬೇಕು. ನನ್ನ ವೀಸಾ ಟೈಮ್ ಓಡ್ತಾ ಇದೆ. ನಾನು ಅಲ್ಲಿಗೆ ಹೂಂ ಅಂದ್ಬಿಟ್ಟೆ.”

ಗ್ರೀನ್ ಕಾರ್ಡಿನ ಮುಂದೆ ನನ್ನ ಸಾರು ಎಲ್ಲಿ ನಿಲ್ಲುತ್ತದೆ? ಆ ಹುಡುಗನ ಮೇಲೆ ನನಗೆ ಬೇಜಾರಾಗಲಿಲ್ಲ. ಅವನೊಬ್ಬನೇ ಆ ಕೋಣೆಯಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳಿದವನು.

“ಲಾಯಲ್ಟಿ ಅಂತ ಒಂದಿರುತ್ತೆ ಕಣೋ!” ಎಂದು ಕ್ಯಾಪ್ಟನ್ ಕೂಗಿದ. ಹಾರ ಹಾಕಿಕೊಂಡು ಕೂತವರ ಎದುರು ನಿಂತೇ ಕೂಗಿದ. ಆಮೇಲೆ ಏನೋ ಲೆಕ್ಕ ಹಾಕಿದವನಂತೆ ತಿರುಗಿ, ಅದೇ ಬಾಯಲ್ಲಿ, “ಸರ್, ಹಾಗಿದ್ರೆ ಈ ಸೀಸನ್ ಒಂದು ನೀವೇ ಅಡ್ಜಸ್ಟ್ ಮಾಡ್ಕೊಳ್ಳಿ. ಗ್ಲವ್ ಬೇರೆ ತಂದಿದೀರ,” ಎಂದ.

ಹಾರ ಹಾಕಿ ಇನ್ನೂ ಕಾಲು ಗಂಟೆ ಆಗಿರಲಿಲ್ಲ. ಹಿರಿಯರು ಒಪ್ಪಿಬಿಡುತ್ತಾರೆಂದು ಒಂದು ಕ್ಷಣ ಹೆದರಿದೆ. ಅವರ ಕೈ ಗ್ಲವ್ ಒಳಗೆ ಹೋಗಿತ್ತು. ಅವರಿಗೆ ಆಡಬೇಕಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಎಷ್ಟೋ ಹೊತ್ತು ಬೆರಳು ಮಡಚಿ ಬಿಚ್ಚಿ ಮಾಡಿದರು.

“ಇಲ್ಲಪಾ,” ಎಂದರು ಕೊನೆಗೆ. “ಸನ್ಮಾನ ಮಾಡಿಸ್ಕೊಂಡಾತು, ಫೋಟೋ ತೆಗೆದಾತು. ಕೊಟ್ಟ ಸನ್ಮಾನ ವಾಪಸ್ ತಗೊಳ್ಳೂ ಪದ್ಧತಿ ನಮ್ಮೊಳಗ ಎಲ್ಲೈತಿ? ನೀವು ಮರ್ಯಾದೆ ಮಾಡೀರಿ. ಅದನ್ನ ನಾ ಕೆಡಸಂಗಿಲ್ಲ.” ಗ್ಲವ್ ತೆಗೆದು ಚೀಲಕ್ಕೆ ಹಾಕಿದರು. ಪೇಟವನ್ನು ಮಾತ್ರ ತಲೆಯಿಂದ ತೆಗೆಯಲಿಲ್ಲ.

ಊಟ ಬೇಗ ಮುಗಿಯಿತು. ರಸ್ತೆಯಲ್ಲಿ ಮಂಜುಗಡ್ಡೆಯ ಪದರ ಕಟ್ಟುತ್ತದೆಂಬ ನೆಪ ಎಲ್ಲರಿಗೂ ಸಿಕ್ಕಿತ್ತು. ಕ್ಯಾಪ್ಟನ್ ಪೇಟದ ಡಬ್ಬಿ ಹಿಡಿದು ಹಿರಿಯರ ಸುತ್ತ ಎರಡು ಸುತ್ತು ಬಂದ. ಅವರು ತಲೆಯೆತ್ತಿ, “ಏನರೆ ಬೇಕಾಗಿತ್ತೇನಪಾ?” ಎಂದು ಕೇಳಿದರು. “ಏನಿಲ್ಲ ಸರ್,” ಎಂದು ಖಾಲಿ ಡಬ್ಬಿ ಹಿಡಿದುಕೊಂಡೇ ಕಾರಿಗೆ ನಡೆದ. ಹುಡುಗ ಹೋಗುವಾಗ ಹಿರಿಯರ ಕಾಲು ಮುಟ್ಟಿದ. “ಹ್ಯೂಸ್ಟನ್ನಿಗೆ ಬಂದಾಗ ನಮ್ಮಾಕಿನ್ನ ಕಂಡು ಮಾತಾಡಿಸು, ಒಬ್ಬಾಕೀನ ಇರ್ತಾಳ,” ಎಂದು ಅವನಿಗೆ ಹೆಂಡತಿಯ ಫೋನ್ ನಂಬರ್ ಕೊಟ್ಟರು.

ನಮ್ಮ ಮನೆಯವರು ಅವರನ್ನು ಮೆಕಿನ್ನಿಗೆ ಬಿಡಲು ಹೊರಟು, ಗ್ಯಾರೇಜಿನ ಮುಂದಿನ ಡ್ರೈವ್‌ವೇಯಲ್ಲೇ ಜಾರಿ, ಗೋಡೆ ಹಿಡಿದುಕೊಂಡು ವಾಪಸ್ ಬಂದರು. “ಇವತ್ತು ಇಲ್ಲೇ ಇದ್ದುಬಿಡಿ,” ಎಂದೆ ಹಿರಿಯರಿಗೆ. “ರೂಮು ರೆಡಿ ಇದೆ. ಮತ್ತೆ ಮಂಗಳವಾರ ಏಳು ಗಂಟೆಗೆ ಊಟಕ್ಕೆ ಬನ್ನಿ. ಅವ್ರು ಆಡ್ಲಿ, ಬಿಡ್ಲಿ. ಆ ಕುರ್ಚಿ ಟೀಮಿಂದಲ್ಲ, ನಂದು.”

ಅವರು ಹೋಗಿ ಆ ಕುರ್ಚಿಯಲ್ಲಿ ಕೂತರು. “ಸಾರಿಗೆ ಬರ್ತೀನ್ರಿ ವೈನಿ,” ಎಂದರು. “ಆಟದ್ದು ಮಾತ್ರ ಯಾರೂ ಹೇಳಬ್ಯಾಡ್ರಿ ನನ್ನ ಮುಂದ, ಒಂದಿಷ್ಟು ದಿನ.”

ನಮ್ಮ ಮನೆಯವರು ಟಿವಿ ಹಾಕಲು ಕೈಗೆತ್ತಿಕೊಂಡ ರಿಮೋಟನ್ನು ಹಾಗೇ ಕೆಳಗಿಟ್ಟರು. ಬಿಸಿಬೇಳೆಬಾತ್ ಅರ್ಧ ಪಾತ್ರೆ ಉಳಿದಿತ್ತು; ನನಗೆ ತಿನ್ನಲು ಮನಸ್ಸಾಗಲಿಲ್ಲ. ನಾನೂ ಹಿರಿಯರೂ ಮೊಸರನ್ನ, ನಿಂಬೆ ಉಪ್ಪಿನಕಾಯಿ ಉಂಡೆವು. ನಮ್ಮ ಮನೆಯವರು ನಿಂತುಕೊಂಡೇ ಒಂದು ತಟ್ಟೆ ಬಾತು ತಿಂದು ತಟ್ಟೆಯನ್ನು ತಾವೇ ತೊಳೆದಿಟ್ಟರು. ಮೊದಲು ಮಲಗಿದವರು ಹಿರಿಯರು, ಮೇಲಿನ ರೂಮಿನ ಹೊಸ ಬೆಡ್‌ಶೀಟಿನ ಮೇಲೆ. ಪೇಟವನ್ನು ಮೆಟ್ಟಿಲಿನ ಕಂಬಕ್ಕೆ ಸಿಕ್ಕಿಸಿದ್ದರು.