ಹಡಗಿನಲ್ಲಿ ಬಂದವರ ಪರವಾಗಿ

ಸಿಯಾಟಲ್ ಹತ್ತಿರ, ಮಿಲ್ ಕ್ರೀಕ್ ಕಡೆಯ ಹೈಸ್ಕೂಲೊಂದರಲ್ಲಿ ನಾನು ಅಮೆರಿಕದ ಇತಿಹಾಸ ಕಲಿಸುತ್ತೇನೆ. ಮಂಗಳೂರಿನ ಹೆಂಗಸು ಅಮೆರಿಕದ ಮಕ್ಕಳಿಗೆ ಅವರದೇ ಚರಿತ್ರೆ ಹೇಳಿಕೊಡುವುದೆಂದರೆ ನಮ್ಮ ಬಳಗದವರಿಗೆ ಇವತ್ತಿಗೂ ನಗು.

ನಮ್ಮ ಶಾಲೆಗೆ ಅಷ್ಟೇನೂ ದೂರವಲ್ಲದ ಬಂದರು ಪಟ್ಟಣದಲ್ಲಿ ನೂರು ವರ್ಷಗಳ ಹಿಂದೆ ಚಾವಣಿಗೆ ಹೊದಿಸುವ ಮರದ ಹಲಗೆ ಕೊಯ್ಯುವ ಮಿಲ್ಲುಗಳಿದ್ದವು. ಗರಗಸಕ್ಕೆ ಬೆರಳು ಕಳೆದುಕೊಳ್ಳದ ಕೆಲಸಗಾರ ಅಲ್ಲಿ ಅಪರೂಪ. ಕೂಲಿಯ ಜಗಳದಲ್ಲಿ ಅವರು ಮುಷ್ಕರ ಹೂಡಿದರು. ಬೆಂಬಲಕ್ಕೆಂದು ಸಿಯಾಟಲ್‌ನಿಂದ ತೀವ್ರವಾದಿ ಕಾರ್ಮಿಕ ಸಂಘದವರು ಹಡಗು ಹತ್ತಿ ಬಂದರು. ಹಡಗು ನಿಲ್ಲುವ ದಕ್ಕೆಯಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥ ಶೆರಿಫ್‌ನ ಜನ ಬಂದೂಕು ಹಿಡಿದು ನಿಂತಿದ್ದರು. ಎರಡೂ ಕಡೆ ಹೆಣ ಬಿದ್ದವು. ಕೊಲೆ ಆರೋಪ ಹೊತ್ತು ಜೈಲಿಗೆ ಹೋದವರು ಮಾತ್ರ ಹಡಗಿನಲ್ಲಿ ಬಂದವರು. ಕೊನೆಗೆ ಅವರ ಬಿಡುಗಡೆಯಾಯಿತು ನಿಜ. ಆದರೆ ಸತ್ತ ಕಾರ್ಮಿಕರಿಗಾಗಿ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ.

ತಪ್ಪು ಯಾರದು, ನ್ಯಾಯ ಯಾರಿಗೆ ಸಿಗಬೇಕಿತ್ತು ಎಂದು ನಾನು ತರಗತಿಯಲ್ಲಿ ಚರ್ಚೆ ಏರ್ಪಡಿಸುತ್ತಿದ್ದೆ. ಒಂದು ವರ್ಷ ಕಾರ್ಮಿಕರ ಪರ ಮಾತನಾಡಲು ಬೆಂಗಳೂರಿನ ದಂಪತಿಯ ಮಗಳೊಬ್ಬಳನ್ನು ಆರಿಸಿದೆ. ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವಳು. ಮಾತಿಗೆ ನಿಂತರೆ ಇಡೀ ತರಗತಿ ಕಿವಿ ನಿಮಿರಿಸುತ್ತಿತ್ತು. ಚರ್ಚೆಗೆ ಕೆಲವು ದಿನ ಇರುವಾಗ ರೆಡ್ಮಂಡ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ಅವಳ ಅಪ್ಪನ ಕೆಲಸ ಹೋಯಿತು.

"ಬೇರೆಯವರಿಗೆ ಕೊಡ್ಲಾ?" ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದಳು.

ಚರ್ಚೆಯ ದಿನ ಮಿಲ್ ಮಾಲೀಕರ ಪರ ಎದ್ದು ನಿಂತ ಹುಡುಗ ನಿರರ್ಗಳವಾಗಿ ಮಾತನಾಡಿದ. ಯಾರನ್ನೂ ಕೈಕಾಲು ಕಟ್ಟಿ ಕೆಲಸಕ್ಕೆ ತಂದಿರಲಿಲ್ಲ, ಒಪ್ಪಿಗೆಯಾಗದಿದ್ದರೆ ಬೇರೆ ಕಡೆ ಹೋಗಬಹುದಿತ್ತು, ಎಂದ.

"ಬೇರೆ ಕಡೆ ಅಂದರೆ ಎಲ್ಲಿಗೆ?" ಎಂದು ಕೇಳಿದಳು ಇವಳು.

"ಎಲ್ಲಿಗಾದರೂ." ಅವನ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ.

ಅವಳು ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ನಾನು ಇವರ ಪರ ವಾದ ಮಾಡುವುದಿಲ್ಲ. ಹಡಗು ಹತ್ತಿದ್ದರಿಂದ ಇವರಿಗೆ ಏನು ಬಂತು? ಸತ್ತರು. ಉಳಿದವರು ಜೈಲು ಕಂಡರು. ಮುಷ್ಕರವೂ ಸೋತಿತು. ಮನೆಯಲ್ಲಿ ಇದ್ದಿದ್ದರೆ ಬದುಕಿರುತ್ತಿದ್ದರು."

ಎಲ್ಲರೂ ನನ್ನ ಮುಖ ನೋಡಿದರು. ನಾನು, ಮುಂದೆ ಕಾನೂನು ಬಂದವು, ಕೆಲಸದ ಗಂಟೆ ಇಳಿಯಿತು, ಸಂಘ ಕಟ್ಟುವ ಹಕ್ಕು ಸಿಕ್ಕಿತು ಎಂದೆ.

"ಅದು ಅವರಿಗೆ ಸಿಕ್ಕಿತಾ?"

"ಇಲ್ಲ," ಎಂದೆ.

ಅವಳು ಕುಳಿತಳು. ಮಕ್ಕಳು ಮತ ಹಾಕಿ ಎರಡೂ ಕಡೆಯವರದು ಸಮಪಾಲು ತಪ್ಪು ಎಂದು ತೀರ್ಮಾನಿಸಿದರು. ಬೆಲ್ ಹೊಡೆಯಿತು. ಊಟಕ್ಕೆ ಹೋದರು.

ವಸಂತ ಬರುವಷ್ಟರಲ್ಲಿ ಅವಳ ತಾಯಿ ಶಾಲೆಯ ಲ್ಯಾಪ್‌ಟಾಪ್ ವಾಪಸು ಕೊಡಲು ಬಂದರು. ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡರು.

"ನಿಮ್ಗೆ ಯೂನಿಯನ್ ಇದೆ ಅಲ್ವಾ ಮೇಡಂ?"

"ಉಂಟು."

"ಇವ್ರ ಆಫೀಸಲ್ಲಿ ಅದೆಲ್ಲ ಇಲ್ಲ. ಹೋದ್ಸಲ ಪಕ್ಕದ ಟೀಮನ್ನ ತೆಗೆದಾಗ ಇವ್ರು ಸುಮ್ನೇ ಇದ್ರು. ವೀಸಾದಲ್ಲಿರೋರು ಬಾಯಿ ಬಿಡಕ್ಕಾಗತ್ತಾ? ಈಗ ಇವ್ರನ್ನ ತೆಗೆದ್ರು, ಉಳಿದೋರು ಸುಮ್ನಿದಾರೆ. ಅವ್ರನ್ನ ಬೈಯೋದು ಹೇಗೆ ಹೇಳಿ?"

"ಬೇರೆ ಕಡೆ ನೋಡ್ಲಿಲ್ವಾ?" ಕೇಳಿದ ಕ್ಷಣವೇ ಆ ಹುಡುಗನ ಮಾತನ್ನೇ ಆಡಿದೆನಲ್ಲಾ ಎನಿಸಿ ನಾಚಿಕೆಯಾಯಿತು.

"ಎಲ್ಲಾ ಕಡೆ ನೋಡಿದ್ವಿ. ಕೆಲ್ಸ ಇಲ್ದೆ ವೀಸಾ ನಿಲ್ಲಲ್ಲ, ವಾಪಸ್ ಹೋಗ್ಲೇಬೇಕು. ಇವ್ಳ ಸ್ಕೂಲ್ ವರ್ಷ ಆದ್ರೂ ಮುಗೀಲಿ ಅಂತ ತುಂಬಾ ಟ್ರೈ ಮಾಡಿದ್ವಿ. ಇಲ್ಲಿ ಹುಟ್ಟಿದವ್ಳು, ಅವಳು ಮಾತ್ರ ಇರಬಹುದಂತೆ ಮೇಡಂ. ಯಾರ ಜೊತೆ ಇರ್ಬೇಕು?"

ಮಗಳು ಲಾಕರ್ ಖಾಲಿ ಮಾಡುತ್ತಿದ್ದಳು. ನಾನು ಹತ್ತಿರ ಹೋಗಿ, ಅವತ್ತು ನೀನು ಹೇಳಿದ್ದಕ್ಕೆ ಸರಿಯಾದ ಉತ್ತರ ಕೊಡಲಿಲ್ಲ ಎಂದೆ. ಪರವಾಗಿಲ್ಲ ಎನ್ನುವಂತೆ ನಕ್ಕಳು. ನನ್ನಿಂದ ಉತ್ತರವನ್ನೇನೂ ಅವಳು ಬಯಸಿರಲಿಲ್ಲ. ಅಮ್ಮ ಮಗಳು ಇಬ್ಬರೂ ಪಾರ್ಕಿಂಗ್ ಕಡೆ ನಡೆದರು. ಮುಂದಿನ ವಾರ ವಿಮಾನ ಹತ್ತಿದರಂತೆ. ಬೆಂಗಳೂರಿನಲ್ಲಿ ಯಾವ ಶಾಲೆ ಸೇರಿದಳೋ, ನನಗೆ ತಿಳಿಯಲಿಲ್ಲ.

ಈಗ ನಾನು ಚರ್ಚೆ ಮಾಡಿಸುವುದಿಲ್ಲ. ಆ ಪಾಠವನ್ನು ನಾನೇ ಓದಿ, ಪ್ರಶ್ನೆ ಕೊಟ್ಟು ಮುಗಿಸುತ್ತೇನೆ. ಮಕ್ಕಳು ತಕರಾರಿಲ್ಲದೆ ಬರೆಯುತ್ತಾರೆ. ಮತ್ತೆ ಎಲ್ಲೋ ಜನರನ್ನು ಕೆಲಸದಿಂದ ತೆಗೆದರೆಂಬ ಸುದ್ದಿ ಬಂದ ಬೆಳಿಗ್ಗೆ, ಹಾಜರಿ ಹಾಕುತ್ತಾ ಒಂದೊಂದೇ ಮುಖ ನೋಡುತ್ತೇನೆ. ಮನೆಯಲ್ಲಿ ಏನಾಯಿತೆಂದು ಯಾರನ್ನೂ ಕೇಳುವುದಿಲ್ಲ.