ತಿಳಿ ತೆಗೆದಿಟ್ಟ ಕೌಸಲ್ಯಾ

ಕೌಸಲ್ಯಾ ಜೋಗೇಶ್ವರಿಯ ನಮ್ಮ ಲ್ಯಾಬಿಗೆ ಬಂದದ್ದು ೧೯೮೯ರಲ್ಲಿ, ಆರು ತಿಂಗಳ ಮಟ್ಟಿಗೆ. ಮೈಸೂರಿನವರು, ಗಂಡ ತೀರಿಕೊಂಡಿದ್ದರು, ಮಗಳೊಂದಿಗೆ ದಹಿಸರ್‌ನ ಚಾಳಿನ ಒಂದು ಕೋಣೆಯಲ್ಲಿದ್ದರು. ಬಾಟಲಿ ತೊಳೆಯುವುದು, ದ್ರಾವಣ ಬೆರೆಸುವುದು ಅವರ ಕೆಲಸ. ಅದು ಖಾಯಂ ಆಗಬೇಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಶಿಫಾರಸು ಬರೆಯಬೇಕಾದವನು ನಾನು, ವೆಂಕಟಸುಬ್ಬಯ್ಯ. ನನಗೋ ಮೂಗಿನ ತುದಿಯಲ್ಲೇ ಕೋಪ.

ನಾವು ಒಂದು ವಿಚಿತ್ರ ಪುಡಿಯ ಹಿಂದೆ ಬಿದ್ದಿದ್ದೆವು. ಕ್ಯಾಡ್ಮಿಯಂ ಸಲ್ಫೈಡ್ ಎಂಬ ಹಳದಿ ಸೆಮಿಕಂಡಕ್ಟರ್ ಕಣಗಳಿಗೆ ಎಕ್ಸ್‌ರೇ ತಾಗಿದರೆ ಅವು ಮಿನುಗುತ್ತವೆ. ಆ ಮಿನುಗು ಬೇಗ ಆರಿದಷ್ಟೂ ಎಕ್ಸ್‌ರೇಯಲ್ಲಿ ತೆಗೆದ ಬಡಿಯುವ ಹೃದಯದ ಚಿತ್ರ ಕಲಸಿಹೋಗದೆ ಬರುತ್ತದೆ. ನಮ್ಮ ಪುಡಿಯ ಬೆಳಕೋ, ಬಂದ ನೆಂಟರ ಹಾಗೆ, ಹೊರಡುವ ಮಾತೇ ಆಡುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಪುಡಿ ತಳಕ್ಕಿಳಿಯಲೆಂದು ದ್ರಾವಣವನ್ನು ತಿರುಗುವ ಯಂತ್ರಕ್ಕೆ ಹಾಕಿ, ಅಲ್ಲಿಯವರೆಗೆ ನಾನೇ ಮಾಡುತ್ತಿದ್ದ ಮುಂದಿನ ಕೆಲಸವನ್ನು ದಾದರ್‌ಗೆ ಹೊರಡುವ ಗಡಿಬಿಡಿಯಲ್ಲಿ ಕೌಸಲ್ಯಾಗೆ ಹೇಳಿದೆ: "ನಿಂತ ಮೇಲೆ ತಿಳಿ ತೆಗ್ದ್‌ಬಿಡಿ."

ವಾಪಸು ಬಂದಾಗ ತಳದ ಹಳದಿ ಗಷ್ಟ ಕಾಣಲಿಲ್ಲ. ಮೇಜಿನ ಮೇಲೆ ಒಂದು ಬಾಟಲಿ ತಿಳಿನೀರು ಮಾತ್ರ ಜೋಪಾನವಾಗಿ ಕೂತಿತ್ತು.

"ಗಷ್ಟ ಎಲ್ರೀ?"

"ವೇಸ್ಟ್ ಕ್ಯಾನಿಗೆ ಹಾಕ್ದೆ ಸಾರ್. ತಿಳಿ ತೆಗೆದಿಡಿ ಅಂದ್ರಲ್ಲ."

"ಇದೇನು ಬೇಳೆಸಾರಾ, ತಿಳಿ ಬಡಿಸೋಕೆ? ಹದಿನೈದು ದಿನದ ಕೆಲಸ ಹಾಳಾಯ್ತಲ್ರೀ."

ಆ ಸಿಟ್ಟಿನಲ್ಲೇ ಶಿಫಾರಸಿನ ಕಾಗದದಲ್ಲಿ ಬರೆದೆ: ಇವರಿಗೆ ಹೇಳಿದ್ದು ಅರ್ಥವಾಗುವುದಿಲ್ಲ, ಮುಂದುವರಿಸುವುದು ಬೇಡ. ಶನಿವಾರ ಆಫೀಸಿನವರು ಅವರನ್ನು ಕಳಿಸಿಬಿಟ್ಟರು.

ಬಾಟಲಿ ಮಾತ್ರ ಅಲ್ಲೇ ಇತ್ತು. ಎರಡು ದಿನವಾದರೂ ಆ ನೀರಿನಲ್ಲಿ ನಿಂಬೆರಸದಷ್ಟು ತೆಳು ಹಳದಿ ಉಳಿದಿತ್ತು. ಬರೀ ನೀರಾದರೆ ಬಣ್ಣ ಎಲ್ಲಿಯದು? ತಡೆಯಲಾರದೆ ಎಕ್ಸ್‌ರೇ ಕೆಳಗಿಟ್ಟೆ. ಬೆಳಕು ಹುಟ್ಟಿದ್ದೇ ತಡ, ಆರಿತ್ತು. ಬೆಳಕು ಅಳೆಯುವ ಯಂತ್ರ ಕೆಟ್ಟಿದೆ ಅಂದುಕೊಂಡು ತಂತಿಗಳನ್ನೆಲ್ಲ ಬದಲಿಸಿದೆ. ಮೂರು ಸಲವೂ ಅದೇ. ಬೇಗ ಆರುವ ಅತಿ ಸಣ್ಣ ಕಣಗಳು ತಳಕ್ಕಿಳಿಯದೆ ತಿಳಿಯಲ್ಲೇ ತೇಲುತ್ತಿದ್ದವು. ಎರಡು ವರ್ಷದಿಂದ ನಾನು ಹುಡುಕುತ್ತಿದ್ದದ್ದನ್ನು ಪ್ರತಿ ಸಲ ತಿಳಿಯ ಜೊತೆ ನಾನೇ ಚೆಲ್ಲುತ್ತಾ ಬಂದಿದ್ದೆ. ಖುಷಿಗಿಂತ ನಾಚಿಕೆಯೇ ಹೆಚ್ಚಾಯಿತು.

ಮ್ಯಾನೇಜರ್ ಹತ್ತಿರ ಹಟ ಹಿಡಿದು ಖಾಯಂ ಆರ್ಡರು ಬರೆಸಿಕೊಂಡೆ. ದಹಿಸರ್ ಚಾಳಿಗೆ ಹೋದಾಗ ಕೌಸಲ್ಯಾ ನೀರು ತುಂಬಿಸುತ್ತಿದ್ದರು. ನಡೆದದ್ದೆಲ್ಲ ಹೇಳಿ ಕಾಗದ ಚಾಚಿದೆ. ಅವರು ಕೈ ಒರೆಸಿಕೊಂಡರು, ಕಾಗದ ಮುಟ್ಟಲಿಲ್ಲ.

"ಸಣ್ಣ ಕಣ ಮುಳುಗಲ್ಲ ಅನ್ನೋದು ಗೊತ್ತಾಯ್ತು ಸಾರ್. ಆದ್ರೆ ಶನಿವಾರ ನನ್ನ ಮಗಳೂ ಜೊತೆಗೆ ಬಂದಿದ್ಲು, ನೀವು ಬರೆದಿದ್ದನ್ನ ಆಫೀಸಲ್ಲಿ ಅವಳ ಎದುರಿಗೇ ಓದಿದ್ರು. ಆವತ್ತಿಂದ ಅವಳು ಹೋಮ್‌ವರ್ಕ್ ಹಿಡ್ಕೊಂಡು ನನ್ನ ಹತ್ರ ಬರ್ತಿಲ್ಲ. ಪಕ್ಕದ ಮನೆಗೆ ಹೋಗ್ತಾಳೆ."

ಎಂಟು ವರ್ಷದ ಹುಡುಗಿ ಹೊಸ್ತಿಲಲ್ಲಿ ನಿಂತಿದ್ದಳು. ನಾನು ಅವಳ ಕಡೆ ತಿರುಗಿದೆ.

"ಅರ್ಥ ಆಗದೇ ಇದ್ದಿದ್ದು ನಂಗೆ ಕಣಮ್ಮ. ನಿಮ್ಮಮ್ಮಂಗಲ್ಲ."

ಹುಡುಗಿ ಅಮ್ಮನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ಹೋಮ್‌ವರ್ಕ್ ಪುಸ್ತಕ ತಂದು ಅಮ್ಮನ ಕೈಗಿಟ್ಟಳು.