ಕಾದಂಬರಿಯೊಳಗಿನ ಅಕ್ಕ

ಕಳಲೆಯ ಅಂಗನವಾಡಿ ಕಾರ್ಯಕರ್ತೆ ಮಂಗಳಗೌರಿಗೆ ಸಿನಿಮಾದ ಮೇಲೆ ಕೋಪವೇನೂ ಇರಲಿಲ್ಲ. ಆದರೆ ತಾನು ಓದಿದ ಕಾದಂಬರಿ ಸಿನಿಮಾ ಆಗಿ ಬಂದರೆ ಅದನ್ನು ಮಾತ್ರ ನೋಡುತ್ತಿರಲಿಲ್ಲ. ಜಂಬ ಎಂದುಕೊಂಡವರೂ ಇದ್ದರು. ಕಾರಣ ಮನೆಯವರಿಗಷ್ಟೇ ಗೊತ್ತಿತ್ತು.

ಅವಳ ತವರು ತಿ. ನರಸೀಪುರ. ತಾಯಿ ಬೇಗ ತೀರಿಕೊಂಡಿದ್ದರಿಂದ ಅಕ್ಕ ದಾಕ್ಷಾಯಿಣಿಯೇ ಅವಳನ್ನು ಬೆಳೆಸಿದಳು. 1990ರಲ್ಲಿ ಅಕ್ಕನಿಗೆ ಕಾಮಾಲೆಯಾಯಿತು. ಹನ್ನೊಂದು ದಿನ ಮಲಗಿದ್ದು ಹೋಗಿಬಿಟ್ಟಳು. ಇಪ್ಪತ್ತಮೂರು ವಯಸ್ಸು. ಗಂಡಿನ ಕಡೆಯವರಿಗೆ ಕಳಿಸಲು ಸ್ಟುಡಿಯೋದಲ್ಲಿ ಫೋಟೋ ತೆಗೆಸಬೇಕೆಂಬ ಮಾತು ಆ ತಿಂಗಳೇ ನಡೆದಿತ್ತು, ತೆಗೆಸಿರಲಿಲ್ಲ. ಮನೆಯಲ್ಲಿ ಅವಳದೊಂದು ಚಿತ್ರವೂ ಉಳಿಯಲಿಲ್ಲ.

ಮದುವೆಯಾಗಿ ಕಳಲೆಗೆ ಬಂದ ಮೇಲೆ ಮಂಗಳಗೌರಿ ಮೀಟಿಂಗಿಗೆ ನಂಜನಗೂಡಿಗೆ ಹೋದಾಗಲೆಲ್ಲ ಲೈಬ್ರರಿಯಿಂದ ಒಂದು ಪುಸ್ತಕ ತರುತ್ತಿದ್ದಳು. ಹಾಗೆ ತಂದ ಒಂದು ಕಾದಂಬರಿಯಲ್ಲಿ ತಂಗಿಯರನ್ನು ಸಾಕುವ ಟೀಚರ್ ಒಬ್ಬಳಿದ್ದಳು. ಎರಡನೇ ಅಧ್ಯಾಯದಲ್ಲಿ ಆಕೆ ಹಿತ್ತಲಲ್ಲಿ ಕೂತು ಜಡೆ ಹಾಕಿಕೊಳ್ಳುತ್ತಾಳೆ. ಅದನ್ನು ಓದುತ್ತಿದ್ದಂತೆ ದಾಕ್ಷಾಯಿಣಿಯ ಮುಖ ಎದುರಿಗೆ ಬಂತು. ಅದೇ ಅಗಲ ಹಣೆ, ನಕ್ಕರೆ ಕಾಣುವ ಒಂದರ ಮೇಲೊಂದು ಹತ್ತಿದ ಹಲ್ಲು. ಆ ವರ್ಷ ಅದೇ ಪುಸ್ತಕವನ್ನು ನಾಲ್ಕು ಸಲ ತಂದಳು. ಅಕ್ಕ ಅದರಲ್ಲಿ ಪಾಠ ಮಾಡಿದಳು, ಮನೆ ಕಟ್ಟಿಸಿದಳು, ತಾನು ಕಾಣದೇ ಹೋದ ನಲವತ್ತನೇ ವಯಸ್ಸಿಗೂ ಬಂದಳು.

1996ರಲ್ಲಿ ಆ ಕಾದಂಬರಿ ಸಿನಿಮಾ ಆಗಿ ನಂಜನಗೂಡಿನ ಟಾಕೀಸಿಗೆ ಬಂತು. ಹೆಂಡತಿಗೆ ಇಷ್ಟದ ಕಥೆಯೆಂದು ಗಂಡ ಶಿವರಾಜು ಟಿಕೆಟ್ ತಂದ. ಚಿತ್ರ ಚೆನ್ನಾಗಿತ್ತು. ಅವಳೂ ಅತ್ತಳು. ಮರುವಾರ ಪುಸ್ತಕ ತೆರೆದರೆ ಹಿತ್ತಲಲ್ಲಿ ಕೂತಿದ್ದವಳು ಸಿನಿಮಾದಲ್ಲಿ ಟೀಚರ್ ಆಗಿದ್ದ ನಟಿ. ಪುಟ ತಿರುವಿದರೂ ಅವಳೇ. ಪುಸ್ತಕ ಬದಿಗಿಟ್ಟು, ಕಣ್ಣು ಮುಚ್ಚಿ ಅಕ್ಕನನ್ನು ನೆನೆದರೂ ಅವಳೇ.

“ಅಕ್ಕನ ಮುಖ ಬತ್ತಾ ಇಲ್ಲ ಕಣ್ರೀ,” ಎಂದಳು ಗಂಡನಿಗೆ.

ಶಿವರಾಜುವಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ನಾನು ಕರ್ಕೊಂಡೋಗ್ಬಾರ್ದಾಗಿತ್ತು,” ಎಂದ.

“ನಿಮ್ಗೇನ್ ಗೊತ್ತಿತ್ತು.”

ಆ ಭಾನುವಾರವೇ ಬಸ್ಸು ಹತ್ತಿ ತವರಿಗೆ ಹೋದಳು. ತಂದೆ ಬಸವಯ್ಯ ಜಗುಲಿಯ ಮೇಲಿದ್ದ.

“ಅಪ್ಪ, ಅಕ್ಕ ನೋಡಕ್ಕೆ ಎಂಗಿದ್ಲು?”

“ಎಂಗಿದ್ಲು ಅಂದ್ರೆ? ನಿನ್ನಂಗೇ ಇದ್ಲು. ಒಸಿ ಬೆಳ್ಳಗಿದ್ಲು.”

ಅದಕ್ಕಿಂತ ಹೆಚ್ಚು ಅವನಿಂದ ಹೇಳಲಾಗಲಿಲ್ಲ. ಓದು ಬಾರದವನು, ಆ ಸಿನಿಮಾವನ್ನೂ ನೋಡಿರಲಿಲ್ಲ. ಮಂಗಳಗೌರಿ ಏನನ್ನೂ ವಿವರಿಸದೆ, ಚೀಲದಿಂದ ಪುಸ್ತಕ ತೆಗೆದು ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದಳು. ಎರಡನೇ ಅಧ್ಯಾಯಕ್ಕೆ ಬಂದಾಗ ಬಸವಯ್ಯ ಕೈ ಎತ್ತಿದ.

“ತಡಿಯವ್ವ. ಇವ್ಳು ನಮ್ಮ ದಾಕ್ಷಿ ಅಲ್ವಾ? ಇಂಗೇ ಕೂತ್ಕತಿದ್ಲು. ಬಾಯಲ್ಲಿ ಜಡೆ ದಾರ ಕಚ್ಕೊಂಡು.”

ಬಾಯಲ್ಲಿ ಕಚ್ಚಿದ ದಾರ ಪುಸ್ತಕದಲ್ಲಿ ಇರಲಿಲ್ಲ. ಮಂಗಳಗೌರಿಗೂ ಅದು ಮರೆತೇಹೋಗಿತ್ತು. ಅವಳು ಪುಟದ ಮೇಲೆ ಬೆರಳಿಟ್ಟು ತಂದೆಯ ಕಡೆ ತಿರುಗಿದಳು.

“ಓದು, ಮುಂದಕ್ಕೆ ಏನಾಯ್ತು ಅವ್ಳಿಗೆ?” ಎಂದ ಬಸವಯ್ಯ.

ಓದು ಮುಗಿಯಲು ಐದು ಭಾನುವಾರ ಬೇಕಾಯಿತು. ತಂದೆಗೆ ದಾಕ್ಷಾಯಿಣಿ ಕಥೆಯ ಕೊನೆಯವರೆಗೂ ಕಂಡಳು. ಮಂಗಳಗೌರಿಗೆ ಮರಳಿ ಬಂದದ್ದು ಜಡೆ ಹೆಣೆಯುವ ಬೆರಳು, ಕತ್ತಿನ ಹಿಂಭಾಗ. ಮುಖ ಸರಿಯಾಗಿ ಬರಲಿಲ್ಲ. ಬಸವಯ್ಯ 2001ರಲ್ಲಿ ತೀರಿಕೊಂಡ.

2012ರಲ್ಲಿ ಅವಳು ಓದಿದ್ದ ಮತ್ತೊಂದು ಕಾದಂಬರಿ ಸಿನಿಮಾ ಆಯಿತು. ಕಾಲೇಜು ಓದುತ್ತಿದ್ದ ಮಗಳು ರಮ್ಯ, “ಈ ಕತೇಲಿ ದೊಡ್ಡಮ್ಮ ಇಲ್ವಲ್ಲಮ್ಮ, ಬಾ,” ಎಂದು ಕರೆದಳು.

“ಇಲ್ಲ. ಆದ್ರೆ ಅದ್ರಲ್ಲಿರೋರ್ನೂ ನಾನು ಓದೋವಾಗ್ಲೇ ನೋಡ್ಬಿಟ್ಟಿದ್ದೀನಿ ಕಣವ್ವ. ನೀನು ಓಗ್ಬಾ.”

ರಮ್ಯ ಗೆಳತಿಯ ಜೊತೆ ಹೋಗಿಬಂದಳು. ಚೆನ್ನಾಗಿತ್ತು ಎಂದಳು. ಮಂಗಳಗೌರಿ ಹೂಂಗುಟ್ಟಿ, ಊಟಕ್ಕೆ ತಟ್ಟೆ ಹಾಕಿದಳು.